ಗೊಂಬೆಗೊಂದು ಹಿತ್ತಲು: ಆರರಿಂದ ಭಾಗಿಸಿ, ಹೂ ಅರಳಿಸಿ

ಮಗಳ ಹಳೆಯ ಬಾರ್ಬಿಯನ್ನು ಹೂಗಿಡಗಳ ನಡುವೆ ನಿಲ್ಲಿಸಿ ಮೊದಲ ಸಲ ಫೋಟೋ ತೆಗೆದಾಗ, ಎಲ್ಲರೂ ಮಾಡುವುದನ್ನೇ ನಾನೂ ಮಾಡಿದ್ದೆ. ಅಂಗಡಿಯಲ್ಲಿ ಸಿಕ್ಕ ಅತಿ ಚಿಕ್ಕ ಪ್ಲಾಸ್ಟಿಕ್ ಹೂಗಳನ್ನು ತಂದು, ಥರ್ಮೋಕೋಲಿಗೆ ಚುಚ್ಚಿ, ಗೊಂಬೆಯ ಕೈಗೂ ಒಂದು ಹೂ ಕೊಟ್ಟೆ. ಫೋಟೋ ನೋಡಿದ ಅತ್ತೆ ಕನ್ನಡಕ ಮೇಲೇರಿಸಿ, "ಅಲ್ಲಮ್ಮಾ, ಅವಳ ಕೈಲಿರೋದು ದಾಸವಾಳವೋ ಮೊರವೋ?" ಅಂದರು.

ನಗು ಬಂತು, ಆದರೆ ಅವರು ಹೇಳಿದ್ದು ಲೆಕ್ಕಕ್ಕೆ ಸರಿಯಾಗಿತ್ತು. ಆ ಹೂ 4 ಸೆಂ.ಮೀ. ಅಗಲ ಇತ್ತು. ಗೊಂಬೆಯ ಲೋಕದಲ್ಲಿ ಅದು ಆರು ಪಟ್ಟು, 24 ಸೆಂ.ಮೀ., ಅಂದರೆ ಊಟದ ತಟ್ಟೆಯಷ್ಟು. ಆಮೇಲೆ ನಾನು ಮಾಡಿದ ಎಷ್ಟೋ ಹಿತ್ತಲುಗಳಲ್ಲಿ ಕೈಚಳಕಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಈ ಒಂದು ಭಾಗಾಕಾರವೇ. ನಾಜೂಕಾಗಿ ಮಾಡಿದ ಹೂ ಅಳತೆ ತಪ್ಪಿದರೆ ಆಟಿಕೆಯಾಗಿ ಕಾಣುತ್ತದೆ. ಒರಟಾಗಿ ಮಾಡಿದ ಹೂ ಅಳತೆಗೆ ಸರಿಯಾಗಿದ್ದರೆ ಫೋಟೋದಲ್ಲಿ ಹೂವಾಗಿಯೇ ಕಾಣುತ್ತದೆ.

ಮೊದಲು ಸ್ಕೇಲು, ಆಮೇಲೆ ಕತ್ತರಿ

ಬಾರ್ಬಿ ಮೊದಲು ಕಾಣಿಸಿಕೊಂಡದ್ದು 1959ರ ಮಾರ್ಚ್‌ನಲ್ಲಿ, ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ. ಅವಳ ಎತ್ತರ ಹನ್ನೊಂದೂವರೆ ಇಂಚು. ಆರರಿಂದ ಗುಣಿಸಿದರೆ 69 ಇಂಚು, ಅಂದರೆ 5 ಅಡಿ 9 ಇಂಚಿನ ಹೆಂಗಸು. ಹಾಗಾಗಿ ಈ ಜಾತಿಯ ಫ್ಯಾಷನ್ ಗೊಂಬೆಗಳ ಅಳತೆಯನ್ನು ಆರರಲ್ಲೊಂದು ಅನ್ನುತ್ತಾರೆ. ನಿಜ ಲೋಕದ ಒಂದು ಅಡಿ ಇಲ್ಲಿ ಎರಡು ಇಂಚು. 2016ರಿಂದ ಉದ್ದನೆಯ, ಗಿಡ್ಡನೆಯ, ಮೈತುಂಬಿದ ಮೈಕಟ್ಟಿನ ಬಾರ್ಬಿಗಳೂ ಬಂದಿರುವುದರಿಂದ ನಿಮ್ಮ ಗೊಂಬೆಯನ್ನು ಒಮ್ಮೆ ಟೇಪು ಹಿಡಿದು ಅಳೆದುಬಿಡಿ. ಅರ್ಧ ಇಂಚು ಹೆಚ್ಚುಕಡಿಮೆ ಇದ್ದರೆ ಹೂವಿನ ಲೆಕ್ಕ ಬದಲಾಗುವುದಿಲ್ಲ.

ಆನ್‌ಲೈನಿನಲ್ಲಿ "ಮಿನಿಯೇಚರ್" ಎಂದು ಮಾರುವ ಬಹುಪಾಲು ಕುಂಡ, ಬೇಲಿ, ಹೂಗಳು ಹನ್ನೆರಡರಲ್ಲೊಂದು ಅಳತೆಯವು. ಅವು ಗೊಂಬೆಮನೆಗೆಂದು ಮಾಡಿದವು, ಬಾರ್ಬಿಯ ಪಕ್ಕ ಇಟ್ಟರೆ ಅರ್ಧಕ್ಕರ್ಧ ಚಿಕ್ಕದಾಗಿ ಕಾಣುತ್ತವೆ. ಎಸೆಯಬೇಡಿ, ಅವಕ್ಕೂ ಒಂದು ಜಾಗ ಇದೆ, ಮುಂದೆ ಹೇಳುತ್ತೇನೆ.

ಈಗ ಒಂದು ಸ್ಕೇಲು ಹಿಡಿದು ನಿಮ್ಮ ಮನೆಯ ಗಿಡಗಳ ಹತ್ತಿರ ಹೋಗಿ. ನಾನು ಅಳೆದು ಗೋಡೆಗೆ ಅಂಟಿಸಿಕೊಂಡಿರುವ ಚೀಟಿಯಲ್ಲಿ ಹೀಗಿದೆ: ದಾಸವಾಳ 10ರಿಂದ 12 ಸೆಂ.ಮೀ., ಗೊಂಬೆಗೆ 17ರಿಂದ 20 ಮಿ.ಮೀ. ಚೆಂಡುಹೂ 6 ಸೆಂ.ಮೀ., ಗೊಂಬೆಗೆ 10 ಮಿ.ಮೀ. ಕನಕಾಂಬರ 3 ಸೆಂ.ಮೀ., ಗೊಂಬೆಗೆ 5 ಮಿ.ಮೀ. ಮಲ್ಲಿಗೆ ಮೊಗ್ಗು ಒಂದೂವರೆ ಸೆಂ.ಮೀ., ಗೊಂಬೆಗೆ ಎರಡೂವರೆ ಮಿ.ಮೀ. ಮೂರಡಿಯ ತುಳಸಿಕಟ್ಟೆ ಆರು ಇಂಚು. ನಾಲ್ಕೂವರೆ ಅಡಿಯ ಕಾಂಪೌಂಡು ಗೋಡೆ ಒಂಬತ್ತು ಇಂಚು. ಹತ್ತಡಿಯ ಬಾಳೆಗಿಡ ಇಪ್ಪತ್ತು ಇಂಚು ಆಗುತ್ತದೆ, ಮಾಡಬಹುದು. ಐವತ್ತು ಅಡಿಯ ತೆಂಗಿನಮರ ಎಂಟಡಿ ದಾಟುತ್ತದೆ, ಅದರ ಬುಡ ಮಾತ್ರ ತೋರಿಸಿ ಸುಮ್ಮನಾಗಬೇಕು.

ಕ್ಯಾಮೆರಾ ಇಟ್ಟ ಮೇಲೆ ತೋಟ

ತೋಟ ಪೂರ್ತಿ ಮಾಡಿ ಆಮೇಲೆ ಫೋಟೋ ತೆಗೆಯುವವರು ಅರ್ಧಕ್ಕಿಂತ ಹೆಚ್ಚು ದುಡಿಮೆಯನ್ನು ಚೌಕಟ್ಟಿನ ಹೊರಗೆ ಬಿಡುತ್ತಾರೆ. ಮೊದಲು ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆ ಅಥವಾ ಗಟ್ಟಿ ಥರ್ಮೋಕೋಲು ಹಾಳೆಯನ್ನು ಸ್ಟೂಲಿನ ಮೇಲಿಡಿ. ಗೊಂಬೆಯನ್ನು ನಿಲ್ಲಿಸಿ. ಫೋನನ್ನು ಗೊಂಬೆಯ ಎದೆಮಟ್ಟಕ್ಕೆ, ಅಂದರೆ ಹಲಗೆಯಿಂದ ಸುಮಾರು 20 ಸೆಂ.ಮೀ. ಎತ್ತರಕ್ಕೆ, ಸ್ಟ್ಯಾಂಡಿನಲ್ಲೋ ಪುಸ್ತಕಗಳ ಗುಡ್ಡೆಗೆ ಒರಗಿಸಿಯೋ ಇಡಿ. ಪರದೆಯಲ್ಲಿ ಕಾಣುವ ಅಂಚುಗಳಿಗೆ ಸರಿಯಾಗಿ ಹಲಗೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಮುಂದೆ ಕಿರಿದಾಗಿ ಹಿಂದೆ ಅಗಲವಾಗುವ, ಮೊರದಂಥ ಆಕಾರ ಮೂಡುತ್ತದೆ. ನಿಮ್ಮ ಹಿತ್ತಲು ಅಷ್ಟೇ. ಅದರಾಚೆ ಒಂದು ಎಲೆಯನ್ನೂ ಮಾಡುವುದು ಬೇಡ.

ಆ ಗೆರೆಯೊಳಗೆ ಮೂರು ಸಾಲು ಅಂದುಕೊಳ್ಳಿ. ಮುಂದಿನ ಸಾಲಿನಲ್ಲಿ, ಗೊಂಬೆಯ ಅಕ್ಕಪಕ್ಕ, ಐದೋ ಏಳೋ ಹೂ ಮಾತ್ರ ಅಚ್ಚುಕಟ್ಟಾಗಿರಬೇಕು. ನಡುವಿನ ಸಾಲಿಗೆ ಆಕಾರ ಬಂದರೆ ಸಾಕು. ಹಿಂದಿನ ಸಾಲಿಗೆ ಬಣ್ಣದ ಚುಕ್ಕೆ ಸಾಕು. ಹನ್ನೆರಡರಲ್ಲೊಂದರ ಅಳತೆಯ ಆ ಕುಂಡ ಬೇಲಿಗಳನ್ನು ಇಡಬೇಕಾದ್ದು ಇಲ್ಲೇ. ಹಿಂದೆ ನಿಂತ ಚಿಕ್ಕ ವಸ್ತು ದೂರದ ವಸ್ತುವಾಗಿ ಕಾಣುತ್ತದೆ, ಒಂದೂವರೆ ಅಡಿಯ ಹಲಗೆ ಉದ್ದನೆಯ ಹಿತ್ತಲಾಗುತ್ತದೆ.

ಹುಲ್ಲುಹಾಸು: ಗೊಂಬೆಹಬ್ಬದ ವಿದ್ಯೆ

ಮೈಸೂರಿನ ಕಡೆ ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲುಗಳ ಮುಂದೆ ನೆಲದ ಮೇಲೆ ಒಂದು "ಪಾರ್ಕು" ಮಾಡುವ ರೂಢಿ ಇದೆಯಲ್ಲ, ಅದರ ರಾಗಿಪೈರೇ ನಮ್ಮ ಲಾನು. ಪಟ್ಟದ ಗೊಂಬೆಗಳ ಮುಂದೆ ಬೆಳೆದದ್ದು ಬಾರ್ಬಿಗೂ ಆಗುತ್ತದೆ.

1. ಒಂದು ಹಿಡಿ ರಾಗಿ ತೊಳೆದು ರಾತ್ರಿಯಿಡೀ ನೆನೆಹಾಕಿ.

2. ಹಳೆಯ ತಟ್ಟೆ ಅಥವಾ ಟ್ರೇಯಲ್ಲಿ ಒಂದು ಇಂಚು ಜರಡಿ ಹಿಡಿದ ಮಣ್ಣು ಹರಡಿ, ಒದ್ದೆ ಮಾಡಿ, ರಾಗಿಯನ್ನು ಕಾಳಿಗೆ ಕಾಳು ತಾಕುವಷ್ಟು ಒತ್ತಾಗಿ ಚೆಲ್ಲಿ. ಮೇಲೆ ಮಣ್ಣು ಮುಚ್ಚುವುದು ಬೇಡ.

3. ಒದ್ದೆ ಬಟ್ಟೆ ಮುಚ್ಚಿ ಎರಡು ದಿನ ನೆರಳಿನಲ್ಲಿಡಿ. ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ, ಸುರಿಯಬೇಡಿ.

4. ಮೂರನೆಯ ದಿನ ಬಟ್ಟೆ ತೆಗೆದು ಬೆಳಕಿಗೆ ಇಡಿ. ಏಳೆಂಟು ದಿನಕ್ಕೆ ಎರಡಿಂಚು ಬೆಳೆದಿರುತ್ತದೆ.

ಎರಡನೆಯ, ಮೂರನೆಯ ದಿನ ಮೊಳಕೆಯ ಬುಡದಲ್ಲಿ ಬಿಳಿ ತುಪ್ಪಳ ಕಂಡು ಬೂಸ್ಟು ಬಂತೆಂದು ಟ್ರೇ ಎತ್ತಿ ಸುರಿದವರಿದ್ದಾರೆ. ನಾನೂ ಸುರಿದಿದ್ದೇನೆ. ಅದು ಹೆಚ್ಚಿನ ಸಲ ಬೇರಿನ ಕೂದಲು. ನೀರು ಚಿಮುಕಿಸಿ ನೋಡಿ. ಬೇರಿನ ಕೂದಲಾದರೆ ಒದ್ದೆಯಾಗಿ ಅಂಟಿಕೊಂಡು ಕಾಣದಂತಾಗುತ್ತದೆ. ಬೂಸ್ಟಾದರೆ ಜೇಡರ ಬಲೆಯಂತೆ ಕಾಳಿನಿಂದ ಕಾಳಿಗೆ ಹಬ್ಬಿರುತ್ತದೆ, ಮುಗ್ಗು ವಾಸನೆಯೂ ಬರುತ್ತದೆ.

ಎರಡಿಂಚಿನ ಪೈರು ಗೊಂಬೆಗೆ ಒಂದಡಿ ಎತ್ತರದ ಹುಲ್ಲು. ಗದ್ದೆಯ ಬದು ಬೇಕಿದ್ದರೆ ಹಾಗೇ ಬಿಡಿ. ಕತ್ತರಿಸಿದ ಲಾನು ಬೇಕಿದ್ದರೆ ಹೊಲಿಗೆ ಕತ್ತರಿಯಿಂದ ಒಂದು ಸೆಂಟಿಮೀಟರಿಗೆ ಇಳಿಸಿ. ಒಂದೇ ಮಟ್ಟಕ್ಕೆ ಮಾತ್ರ ಕತ್ತರಿಸಬೇಡಿ, ಕಾರ್ಪೆಟ್ಟಿನಂತೆ ಕಾಣುತ್ತದೆ. ಗೋಡೆಯ ಬುಡದಲ್ಲಿ, ಕುಂಡದ ಸುತ್ತ ಸ್ವಲ್ಪ ಉದ್ದ ಬಿಡಿ. ನಿಜವಾದ ಹಿತ್ತಲಿನಲ್ಲೂ ಕುಡುಗೋಲು ಆ ಮೂಲೆಗೆ ಹೋಗುವುದಿಲ್ಲ.

ಗರಿಕೆ ತಂದು ನೆಡುವ ಆಸೆ ಬಂದರೆ ತಡೆದುಕೊಳ್ಳಿ. ಗರಿಕೆಯ ಒಂದು ಎಲೆ ಎರಡು ಮೂರು ಮಿ.ಮೀ. ಅಗಲ, ಗೊಂಬೆಯ ಪಕ್ಕ ಅದು ಕಬ್ಬಿನ ಸೋಗೆಯ ಹಾಗೆ ಕಾಣುತ್ತದೆ. ಮಳೆಗಾಲವಾದರೆ ಕಾಂಪೌಂಡಿನ ಮೇಲಿನ ಪಾಚಿಯನ್ನು ಚೂರಿಯಿಂದ ತೆಳುವಾಗಿ ಎಬ್ಬಿಸಿ ತಂದು ಅಲ್ಲಲ್ಲಿ ಕೂರಿಸಬಹುದು. ಮಲೆನಾಡಿನವರಿಗೆ ಇದನ್ನು ಹೇಳುವುದೇ ಬೇಡ.

ಮಣ್ಣಿಗೆ ಕಾಫಿ ಚರಟ. ಫಿಲ್ಟರಿನಲ್ಲಿ ಉಳಿದದ್ದನ್ನು ಎರಡು ದಿನ ಬಿಸಿಲಿಗೆ ಒಣಗಿಸಿ, ಗರಿಗರಿಯಾದ ಮೇಲೆ ಡಬ್ಬಿಗೆ ತುಂಬಿಡಿ. ಅದರ ಹರಳು ಗೊಂಬೆಯ ಅಳತೆಗೆ ಅಗೆದ ಮಣ್ಣಿನ ಹೆಂಟೆಯಂತೆಯೇ ಕಾಣುತ್ತದೆ. ನಿಜವಾದ ತೋಟದ ಮಣ್ಣು ತಂದರೆ ಅದರಲ್ಲಿನ ಕಲ್ಲು ಬಂಡೆಯಾಗುತ್ತದೆ. ಚಹಾದ ಚರಟ ಇನ್ನೂ ಒರಟು, ಅದು ಉದುರಿದ ತರಗೆಲೆಗೆ ಆಗುತ್ತದೆ.

ದಾಸವಾಳ, ಒಂದೊಂದು ಎಸಳಾಗಿ

ಹೈಸ್ಕೂಲಿನಲ್ಲಿ ದಾಸವಾಳ ಸೀಳಿ ಭಾಗಗಳನ್ನು ಬರೆದಿದ್ದೆವಲ್ಲ, ಆ ಪಾಠ ಈಗ ಉಪಯೋಗಕ್ಕೆ ಬಂತು. ಐದು ಎಸಳು, ನಡುವೆ ಹೊರಚಾಚಿದ ಒಂದು ಕೇಸರದ ಕಂಬ, ಕೆಳಗೆ ಹಸಿರು ಬಟ್ಟಲು. ಮಾಡಬೇಕಾದ್ದೂ ಅಷ್ಟೇ.

ಬೇಕಾದ್ದು: ಕೆಂಪು ಕ್ರೇಪ್ ಪೇಪರು, 28 ಗೇಜಿನ ತಂತಿ, ಹೂವಿನ ತೊಟ್ಟಿಗೆ ಸುತ್ತುವ ಹಸಿರು ಟೇಪು, ಕಸೂತಿ ದಾರ, ಫೆವಿಕಾಲ್, ಹಳದಿ ಪೋಸ್ಟರ್ ಬಣ್ಣ ಬೆರೆಸಿ ಒಣಗಿಸಿದ ಚಿಟಿಕೆ ಚಿರೋಟಿ ರವೆ, ಒಂದು ಚಿಮಟ. ಗೇಜು ಹೆಚ್ಚಿದಷ್ಟೂ ತಂತಿ ತೆಳು ಎಂಬುದು ನೆನಪಿರಲಿ. ಮೋಟಾರು ವೈಂಡಿಂಗ್ ಮಾಡುವ ಅಂಗಡಿಯಲ್ಲಿ ಕೇಳಿದರೆ ತುಂಡು ತಾಮ್ರದ ತಂತಿ ಸಿಗುತ್ತದೆ. ರವೆಗೆ ಅರಿಸಿನ ಹಾಕಬೇಡಿ. ನಾಲ್ಕು ದಿನ ಬಿಸಿಲು ಕಂಡರೆ ಅರಿಸಿನ ಬಿಳಚಿಕೊಳ್ಳುತ್ತದೆ.

ಮೊದಲು ಕಂಬ. ಕೆಂಪು ಕಸೂತಿ ದಾರದ ಎರಡು ಎಳೆಯನ್ನು ಫೆವಿಕಾಲಿನಲ್ಲಿ ಅದ್ದಿ, ಬೆರಳಿನಿಂದ ಸವರಿ ನೇರ ಮಾಡಿ, ತೂಗುಹಾಕಿ ಒಣಗಿಸಿ. ಕಡ್ಡಿಯಂತೆ ಸೆಟೆದುಕೊಂಡ ಮೇಲೆ 16 ಮಿ.ಮೀ. ತುಂಡು ಮಾಡಿ. ಮೇಲಿನ ಮೂರನೆಯ ಒಂದು ಭಾಗಕ್ಕೆ ಫೆವಿಕಾಲ್ ತಾಕಿಸಿ ಹಳದಿ ರವೆಯಲ್ಲಿ ಹೊರಳಿಸಿ. ರವೆ ಎಲ್ಲ ಕಡೆಗೂ ಸಮನಾಗಿ ಹತ್ತದಿದ್ದರೆ ಒಳ್ಳೆಯದೇ. ಕೆಳತುದಿಯನ್ನು ತಂತಿಯ ತುದಿಗೆ ಜೋಡಿಸಿ ಟೇಪು ಸುತ್ತಿ.

ಆಮೇಲೆ ಎಸಳು. ಕ್ರೇಪ್ ಕಾಗದದ ನೆರಿಗೆ ಎಸಳಿನ ಬುಡದಿಂದ ತುದಿಗೆ ಓಡುವಂತೆ ಇರಿಸಿಕೊಂಡು, 11 ಮಿ.ಮೀ. ಎತ್ತರ, 9 ಮಿ.ಮೀ. ಅಗಲದ ಐದು ಹನಿಯಾಕಾರ ಕತ್ತರಿಸಿ. ಬುಡ ಚೂಪು, ತುದಿ ಅಗಲ. ಈಗ ಎಸಳಿನ ಮೇಲಂಚನ್ನು ಎರಡೂ ಕೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಮೆಲ್ಲಗೆ, ಕೂದಲೆಳೆಯಷ್ಟು ಎಳೆಯಿರಿ. ಅಂಚು ಸೀರೆಯ ಫಾಲ್ಸ್ ಬಿಚ್ಚಿದ ಹಾಗೆ ಅಲೆಯಲೆಯಾಗುತ್ತದೆ. ಹೂವಿಗೆ ಜೀವ ಬರುವುದು ಇಲ್ಲೇ. ಜೋರಾಗಿ ಎಳೆದರೆ ಕಾಗದ ಬಾಯಿಬಿಡುತ್ತದೆ, ಎಳೆಯದಿದ್ದರೆ ಎಸಳು ಬಿಂದಿಯ ಹಾಗೆ ಚಪ್ಪಟೆ ಉಳಿಯುತ್ತದೆ. ಬುಡದಲ್ಲಿ ಗಾಢ ಮರೂನು ಬಣ್ಣದ ಸ್ಕೆಚ್ ಪೆನ್ನಿನಿಂದ ಒಂದು ಚುಕ್ಕೆ ಇಟ್ಟರೆ ಫೋಟೋದಲ್ಲಿ ಹೂವಿನ ಒಳಕ್ಕೆ ಆಳ ಬರುತ್ತದೆ.

ಕಂಬದ ಸುತ್ತ ಎಸಳುಗಳನ್ನು ಒಂದರ ಮಗ್ಗುಲು ಇನ್ನೊಂದರ ಮೇಲೆ ಬರುವಂತೆ, ಸುತ್ತಿಕೊಂಡು ಹೋಗುವ ಹಾಗೆ ಅಂಟಿಸಿ. ಐದನೆಯದರ ಒಂದು ಅಂಚು ಮೊದಲನೆಯದರ ಕೆಳಗೆ ಹೋಗಬೇಕು. ಗಮ್ಮು ಸಾಸಿವೆಗಿಂತ ಕಡಿಮೆ ಸಾಕು, ಹೆಚ್ಚಾದರೆ ಕ್ರೇಪಿನ ಬಣ್ಣ ಕರಗಿ ನಿಮ್ಮ ಬೆರಳಿಗೂ ಗೊಂಬೆಯ ಕೈಗೂ ಹತ್ತುತ್ತದೆ. ಗೊಂಬೆಯ ಮೈಗೆ ಹತ್ತಿದ ಕೆಂಪು ಸುಲಭಕ್ಕೆ ಹೋಗುವುದಿಲ್ಲ, ಆದ್ದರಿಂದ ಪೂರ್ತಿ ಒಣಗಿದ ಹೂವನ್ನು ಮಾತ್ರ ಅವಳ ಕೈಗೆ ಕೊಡಿ. ತಾಮ್ರದ ತಂತಿಯೂ ಅಷ್ಟೇ, ಟೇಪು ಸುತ್ತದೆ ಕೈಗೆ ತಾಗಿಸಬೇಡಿ. ಬಹಳ ಹಳೆಯ ಬಾರ್ಬಿಗಳ ಕಿವಿಯ ಸುತ್ತ ಹಸಿರು ಕಲೆ ಇರುವುದು ಲೋಹದ ಓಲೆಯ ಕೃಪೆ.

ಕ್ಷಣದಲ್ಲಿ ಹಿಡಿಯುವ ಗಮ್ಮು ಬಳಸಿ ಬೇಗ ಮುಗಿಸೋಣ ಅನಿಸುತ್ತದೆ. ಆ ಗಮ್ಮಿನ ಆವಿ ಸುತ್ತಮುತ್ತ ಬಿಳಿ ಮಂಜಿನಂತೆ ಕೂರುತ್ತದೆ, ಕಡುಗೆಂಪಿನ ಮೇಲೆ ಅದು ಎದ್ದು ಕಾಣುತ್ತದೆ. ಫೆವಿಕಾಲ್ ನಿಧಾನ, ಆದರೆ ಒಣಗಿದರೆ ಪಾರದರ್ಶಕ.

ಎಲೆ 13 ಮಿ.ಮೀ. ಉದ್ದ, ಮುಂದಿನ ಅರ್ಧಕ್ಕೆ ಮಾತ್ರ ಹಲ್ಲು. ಕತ್ತರಿಸಿದ ಮೇಲೆ ಬಾಲ್‌ಪೆನ್ನಿನ ಖಾಲಿ ರೀಫಿಲ್ಲಿನಿಂದ ನಡುನರ ಒತ್ತಿ, ಮೇಣದಬತ್ತಿಯನ್ನು ಮೆಲ್ಲಗೆ ಉಜ್ಜಿ. ದಾಸವಾಳದೆಲೆಯ ಮಿರುಗು ಬರುತ್ತದೆ. ನೇಲ್ ಪಾಲಿಶ್ ಹಚ್ಚಿದರೆ ಹೊಳಪು ಹೆಚ್ಚಾಗಿ ಪ್ಲಾಸ್ಟಿಕ್ ಆಗುತ್ತದೆ. ಒಂದೇ ಹಸಿರಿನ ಕಾಗದ ಬಳಸಬೇಡಿ. ಅದೇ ಕಾಗದದ ಮೂರನೆಯ ಒಂದು ಭಾಗಕ್ಕೆ ನೀರು ಬೆರೆಸಿದ ಡಿಕಾಕ್ಷನ್ ಹಚ್ಚಿ ಒಣಗಿಸಿಕೊಂಡರೆ ಬಲಿತ ಎಲೆ ಸಿಕ್ಕಿತು. ಒಂದೆರಡು ಎಲೆಗೆ ಸೂಜಿಯಿಂದ ತೂತು ಮಾಡಿ, ಹುಳ ತಿಂದಿರಲಿ. ಒಂದು ಹೂವನ್ನು ಬೇಕೆಂದೇ ಮುದುರಿ ಗಿಡದ ಬುಡದಲ್ಲಿ ಹಾಕಿ. ದಾಸವಾಳ ಒಂದೇ ದಿನದ ಹೂ, ಬುಡದಲ್ಲಿ ನಿನ್ನೆಯದು ಬಿದ್ದಿಲ್ಲದ ಗಿಡ ಎಲ್ಲಿದೆ?

ಚೆಂಡುಹೂ, ಮಲ್ಲಿಗೆ ಮತ್ತು ಉಳಿದವು

ಚೆಂಡುಹೂ ದಾಸವಾಳದ ಕಾಲುಭಾಗ ಕಷ್ಟವೂ ಅಲ್ಲ. 6 ಮಿ.ಮೀ. ಅಗಲ, 15 ಸೆಂ.ಮೀ. ಉದ್ದದ ಕಿತ್ತಳೆ ಕಾಗದದ ಪಟ್ಟಿ, ಒಂದು ಬದಿಯಿಂದ ಮೂರನೆಯ ಎರಡು ಭಾಗದವರೆಗೆ ಒತ್ತೊತ್ತಾಗಿ ಕತ್ತರಿ ಗೀರು. ತಂತಿಯ ತುದಿಗೆ ಬಿಗಿಯಾಗಿ ಸುತ್ತಿ, ಬುಡ ಅಂಟಿಸಿ, ಮೇಲ್ಭಾಗವನ್ನು ಹೆಬ್ಬೆರಳಿನಿಂದ ಕೆದರಿ. ಅಷ್ಟೇ. ಟಿವಿ ನೋಡುತ್ತಾ ಇಪ್ಪತ್ತು ಮಾಡಬಹುದು. ಗಿಡ 10ರಿಂದ 12 ಸೆಂ.ಮೀ. ಎತ್ತರವಿರಲಿ. ಇದನ್ನೇ ಹಳದಿ, ಬಿಳಿ, ನೇರಳೆ ಕಾಗದದಲ್ಲಿ 8 ಮಿ.ಮೀ.ಗೆ ಇಳಿಸಿ ಗೀರು ಇನ್ನಷ್ಟು ಸಣ್ಣದು ಮಾಡಿದರೆ ಸೇವಂತಿಗೆ.

ಮಲ್ಲಿಗೆ ಮಾತ್ರ ಹಟ ಹಿಡಿಸುತ್ತದೆ. ಎರಡೂವರೆ ಮಿಲಿಮೀಟರಿನ ಮೊಗ್ಗನ್ನು ಕಾಗದದಲ್ಲಿ ಮಾಡಲು ಹೋಗಿ ಒಂದು ಭಾನುವಾರ ಕಳೆದೆ. ಕೊನೆಗೆ ದಾರಿ ತೋರಿಸಿದ್ದು ಮತ್ತೆ ಅತ್ತೆಯೇ. "ಹೂ ಕಟ್ಟೋಕೆ ಬರತ್ತಲ್ಲ, ಹಾಗೇ ಕಟ್ಟು" ಅಂದರು. ಬಿಳಿ ಕಸೂತಿ ದಾರದ ನಾಲ್ಕು ಎಳೆಯ ತುದಿಯನ್ನು ಫೆವಿಕಾಲಿಗೆ ಅದ್ದಿ ಉರುಟಿದರೆ ಮೊಗ್ಗಿನ ತುದಿಯಾಯಿತು. ಒಣಗಿದ ಮೇಲೆ, ಕಟ್ಟಲು ತೊಟ್ಟೂ ಸೇರಿ, 4 ಮಿ.ಮೀ.ಗೆ ಕತ್ತರಿಸಿ. ಹೀಗೆ ಐವತ್ತು ಮಾಡಿಕೊಂಡು, ಹಸಿರು ಹೊಲಿಗೆ ದಾರದಲ್ಲಿ ಆ ಕಡೆ ಎರಡು, ಈ ಕಡೆ ಎರಡು ಇಟ್ಟು, ನಿಜವಾದ ಮಲ್ಲಿಗೆ ಕಟ್ಟುವಂತೆಯೇ ಕುಣಿಕೆ ಬಿಗಿಯುತ್ತಾ ಹೋಗಿ. ಬೆರಳಿನಲ್ಲಿ ಆಗದಿದ್ದರೆ ಒಂದು ತುದಿಯನ್ನು ಮೇಜಿಗೆ ಟೇಪಿನಿಂದ ಅಂಟಿಸಿ ಚಿಮಟದಿಂದ ಕಟ್ಟಿ. ಗೊಂಬೆಯ ಜಡೆಗೆ ಒಂದಿಂಚು ಸಾಕು, ಅದು ಅವಳ ಲೆಕ್ಕದಲ್ಲಿ ಅರ್ಧ ಅಡಿ. ಮಾಲೆಯ ಹಸಿರು ದಾರ ಅಲ್ಲಲ್ಲಿ ಕಾಣುವುದೇ ಅದರ ಚೆಂದ.

ತೋಟದಲ್ಲಿ ಎಲ್ಲವನ್ನೂ ಕೈಯಲ್ಲೇ ಮಾಡಬೇಕೆಂಬ ವ್ರತ ಬೇಡ. ನಿಜವಾದ ಗಿಡಗಳಲ್ಲೂ ಗೊಂಬೆಯ ಅಳತೆಗೆ ಹುಟ್ಟಿದವಿವೆ. ತುಳಸಿಗಿಡದ ಬುಡದಲ್ಲಿ ತಾವಾಗಿ ಮೊಳೆತ, ಒಂದಿಂಚು ಎತ್ತರದ ಸಸಿಯನ್ನು ಬೇರುಸಹಿತ ಎಬ್ಬಿಸಿ, ಅದೇ ಗೊಂಬೆಯ ತುಳಸಿ. ನೆಲನೆಲ್ಲಿಯ ಒಂದು ಕಡ್ಡಿ ನಿಲ್ಲಿಸಿದರೆ ಕರಿಬೇವಿನ ಗಿಡ. ಕುಂಡದ ಬುಡದಲ್ಲಿ, ಒದ್ದೆ ಗೋಡೆಯ ಸಂದಿನಲ್ಲಿ ರಾಗಿಕಾಳಿನಷ್ಟು ಎಲೆಯ ತಿಳಿಹಸಿರು ಕಳೆ ಬೆಳೆಯುತ್ತದಲ್ಲ, ಅದು ಅಚ್ಚುಕಟ್ಟಾದ ಬೇಲಿಪೊದೆ. ಒಂದೆಲಗದ ಎಲೆಗಳನ್ನು ಕಪ್ಪು ಕಾಗದದ ಮೇಲಿಟ್ಟ ಗಾಜಿನ ತುಂಡಿನ ಮೇಲೆ ಹರಡಿದರೆ ತಾವರೆಕೊಳ. ಸಬ್ಬಸಿಗೆ ಸೊಪ್ಪಿನ ತುದಿಗೆ ಗುಲಾಬಿ ಕಾಗದದ ಹೂ ಸಿಕ್ಕಿಸಿದರೆ ಕಾಸ್ಮಾಸ್. ಆದರೆ ಸಬ್ಬಸಿಗೆ ಬಿಸಿಲಿನಲ್ಲಿ ಬೇಗ ತಲೆಬಾಗುತ್ತದೆ. ಉಳಿದದ್ದೆಲ್ಲ ಸಿದ್ಧವಾದ ಮೇಲೆ ಕೊನೆಗೆ ನೆಡಿ.

ಹಸಿಮೆಣಸು, ಟೊಮೇಟೊ, ಕುಂಬಳಕಾಯಿಗೆ ಮನೆಯಲ್ಲೇ ಹಿಟ್ಟು ಮಾಡಿಕೊಳ್ಳಬಹುದು. ಫೆವಿಕಾಲ್, ಕಾರ್ನ್‌ಫ್ಲೋರ್ ಸಮಪಾಲು, ಒಂದು ಚಮಚ ಎಣ್ಣೆ, ಕೆಲವು ಹನಿ ನಿಂಬೆರಸ. ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮಗುಚಿ, ಹಾಲುಬಾಯಿಯಂತೆ ತಳ ಬಿಟ್ಟು ಉಂಡೆಯಾದಾಗ ಇಳಿಸಿ ನಾದಿ. ಒಣಗುವಾಗ ಕುಗ್ಗುತ್ತದೆ, ಒಂದು ಸುತ್ತು ದೊಡ್ಡದಾಗಿಯೇ ಮಾಡಿ.

ಕಟ್ಟೆ, ಕುಂಡ, ಗೋಡೆ

ಔಷಧಿ ಬಾಟಲಿಯ ಮುಚ್ಚಳ, ಟೂತ್‌ಪೇಸ್ಟಿನ ಮುಚ್ಚಳ, ಇವೇ ಕುಂಡಗಳು. ಹಣತೆ ಅಗಲ ಬಾಯಿಯ ತೊಟ್ಟಿಯಾಗುತ್ತದೆ. ಪ್ಲಾಸ್ಟಿಕ್ಕಿನ ಹೊಳಪು ಮುಚ್ಚಲು ನನಗೆ ಸಿಕ್ಕ ಅತ್ಯುತ್ತಮ ಬಣ್ಣ ಕೆಮ್ಮಣ್ಣು. ಹಬ್ಬಕ್ಕೆ ಹೊಸ್ತಿಲ ಬಳಿ ಸಾರಿಸಲು ತರುವ ಅದೇ ಪುಡಿ. ಒಂದು ಪಾಲು ಫೆವಿಕಾಲಿಗೆ ಒಂದು ಪಾಲು ನೀರು, ಅದಕ್ಕೆ ಕೆಮ್ಮಣ್ಣು ಸೇರಿಸಿ ದೋಸೆಹಿಟ್ಟಿನ ಹದಕ್ಕೆ ಕಲಸಿ ಎರಡು ಸಲ ಬಳಿಯಿರಿ. ಸುಟ್ಟ ಮಣ್ಣಿನ ಕುಂಡವಲ್ಲವೆಂದು ಯಾರೂ ಹೇಳಲಾರರು. ಕೊನೆಗೆ ಬಾಯಿಯ ಸುತ್ತ ಒಣ ಸುಣ್ಣವನ್ನೋ ಟಾಲ್ಕಂ ಪೌಡರನ್ನೋ ಬೆರಳಿನಿಂದ ತಿಕ್ಕಿದರೆ, ನೀರಿನ ಉಪ್ಪು ಕಟ್ಟಿದ ಹಳೆಯ ಕುಂಡ.

ತುಳಸಿಕಟ್ಟೆಗೆ ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಅಂಟಿಸಿ ಆರಿಂಚು ಎತ್ತರ ಮಾಡಿ. ಮುಂಭಾಗದಲ್ಲಿ ದೀಪದ ಗೂಡು ಕೊರೆಯಿರಿ. ಮೇಲೆ ಬಿಳಿ ಬಣ್ಣಕ್ಕೆ ಚಿಟಿಕೆ ಚಿರೋಟಿ ರವೆ ಬೆರೆಸಿ ಬಳಿದರೆ ಗಾರೆಯ ಒರಟುತನ ಬರುತ್ತದೆ. ಅಡ್ಡಲಾಗಿ ಕೆಮ್ಮಣ್ಣಿನ ಪಟ್ಟೆ ಎಳೆಯಿರಿ. ರಂಗೋಲಿಗೆ ರಂಗೋಲಿ ಪುಡಿ ಬಳಸಬೇಡಿ. ಅದರ ಹರಳು ಗೊಂಬೆಗೆ ಜಲ್ಲಿಯಷ್ಟು ದೊಡ್ಡದು. ಹಲ್ಲುಕಡ್ಡಿಯ ತುದಿಯಿಂದ ಬಿಳಿ ಬಣ್ಣದಲ್ಲಿ ಎಳೆ ಬಿಡಿಸಿ, ಮೇಲೆ ಸ್ವಲ್ಪ ಅಕ್ಕಿಹಿಟ್ಟು ಉದುರಿಸಿ ಊದಿ. ಚನ್ನಪಟ್ಟಣದ ಅಡುಗೆ ಆಟಿಕೆಗಳಲ್ಲಿನ ಬಿಂದಿಗೆ, ಒನಕೆ ಗಾತ್ರಕ್ಕೆ ಹೊಂದಿದರೆ ಕಟ್ಟೆಯ ಪಕ್ಕ ಇಡಬಹುದು. ಅವುಗಳ ಅರಗಿನ ಹೊಳಪು ಮಾತ್ರ ಬೆಳಕಿಗೆ ಮಿಂಚುತ್ತದೆ, ಸ್ವಲ್ಪ ತಿರುಗಿಸಿ ಇಡಿ.

ಥರ್ಮೋಕೋಲಿನ ಮೇಲೆ ಸ್ಪ್ರೇ ಪೇಂಟ್ ನೇರವಾಗಿ ಹೊಡೆಯಬೇಡಿ. ಒಂದು ಇಡೀ ಗೋಡೆ ನನ್ನ ಕಣ್ಣೆದುರೇ ಹಪ್ಪಳದಂತೆ ಮುದುಡಿ ಕರಗಿದ್ದನ್ನು ನೋಡಿದ್ದೇನೆ. ಮೊದಲು ಫೆವಿಕಾಲಿನಲ್ಲಿ ತೆಳು ಕಾಗದ ಅಂಟಿಸಿ, ಒಣಗಿದ ಮೇಲೆ ನೀರಿನ ಬಣ್ಣವನ್ನೇ ಬಳಿಯಿರಿ. ಗೋಡೆಯ ಬುಡಕ್ಕೆ ಡಿಕಾಕ್ಷನ್ ಹನಿ ಬಿಟ್ಟು ಇಳಿಯಲು ಬಿಡಿ, ಮಳೆಗಾಲದ ಕಲೆ ತಾನೇ ಮೂಡುತ್ತದೆ.

ಫೋಟೋ

ಬೆಳಿಗ್ಗೆ ಏಳರಿಂದ ಒಂಬತ್ತು, ತಾರಸಿಯಲ್ಲಿ. ಬಿಸಿಲು ಒಂದು ಪಕ್ಕದಿಂದ ಬೀಳಲಿ. ನೆರಳಿನ ಕಡೆಗೆ ಒಂದು ಬಿಳಿ ಥರ್ಮೋಕೋಲು ಹಾಳೆ ನಿಲ್ಲಿಸಿದರೆ ಗೊಂಬೆಯ ಮುಖದ ಕಪ್ಪು ಕಡಿಮೆಯಾಗುತ್ತದೆ. ಬಿಸಿಲು ಚುರುಕಾದರೆ ನಡುವೆ ಬಟರ್ ಪೇಪರ್ ಹಿಡಿಯಿರಿ. ಹಿನ್ನೆಲೆಗೆ ಪರದೆ ಬೇಡ. ಎರಡು ಮೂರು ಮೀಟರ್ ದೂರದಲ್ಲಿ ಮಾವಿನ ಮರವೋ ಬೇಲಿಯೋ ಇದ್ದರೆ ಅದೇ ಮಸುಕಾಗಿ ಗೊಂಬೆಯ ಊರಿನ ತೋಪಾಗುತ್ತದೆ. ಪಕ್ಕದ ಮನೆಯ ನೀರಿನ ಟ್ಯಾಂಕು ಮಾತ್ರ ಚೌಕಟ್ಟಿಗೆ ನುಸುಳದಂತೆ ನೋಡಿಕೊಳ್ಳಿ.

ಫೋನನ್ನು ಗೊಂಬೆಯ ಮೂಗಿಗೆ ತಾಗಿಸಿ ತೆಗೆಯಬೇಡಿ. ಹತ್ತಿರ ಹೋದಷ್ಟೂ ಮುಖ ಉಬ್ಬಿ, ಹಿಂದಿನದೆಲ್ಲ ಕುಗ್ಗುತ್ತದೆ. ಎರಡಡಿ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ. ಕೆಲವು ಫೋನುಗಳು ಹತ್ತಿರ ಹೋದ ಕೂಡಲೇ ತಾವಾಗಿ ಅಗಲ ಲೆನ್ಸಿಗೆ ಜಾರುತ್ತವೆ, ಸೆಟ್ಟಿಂಗಿನಲ್ಲಿ ಆ ಮ್ಯಾಕ್ರೋ ಆಯ್ಕೆಯನ್ನು ಆಫ್ ಮಾಡಿ. ಕ್ಯಾಮೆರಾ ಇದ್ದವರು ಅಪರ್ಚರನ್ನು, ಅಂದರೆ ಲೆನ್ಸಿನ ಕಿಂಡಿಯನ್ನು, ಎಫ್ 8ರಿಂದ 11ರ ನಡುವೆ ಇಡಿ. ಇಷ್ಟು ಹತ್ತಿರದಿಂದ ಎಫ್ 2ರಲ್ಲಿ ತೆಗೆದರೆ ಗೊಂಬೆಯ ಕಣ್ಣು ಸ್ಪಷ್ಟವಾಗಿ ಕಿವಿ ಮಸುಕಾಗುತ್ತದೆ, ಆ ಮಸುಕೇ "ಇದು ಆಟಿಕೆ" ಎಂದು ಗುಟ್ಟು ರಟ್ಟು ಮಾಡುತ್ತದೆ.

ಗೊಂಬೆ ತಾನಾಗಿ ನಿಲ್ಲುವುದಿಲ್ಲ. ಹಲಗೆಗೆ ದಪ್ಪ ತಂತಿ ಚುಚ್ಚಿ ಲಂಗದೊಳಗೆ ಕಾಲಿನ ಹಿಂದೆ ಬಿಡಿ. ಮೊಣಕಾಲು, ಮಣಿಕಟ್ಟು ಮಡಚುವ ಗೊಂಬೆಯಾದರೆ ಕೂರಿಸಿ, ಬಗ್ಗಿಸಿ. ತೋಟದಲ್ಲಿ ನೆಟ್ಟಗೆ ನಿಂತು ಕ್ಯಾಮೆರಾ ನೋಡುವವರಿಗಿಂತ ಬಗ್ಗಿ ಹೂ ಬಿಡಿಸುವವಳು ಲೇಸು. ಅವಳ ಕಣ್ಣು ಹೂವಿನ ಕಡೆಗಿರಲಿ.

ಹೂವಿನ ಮೇಲೆ ಇಬ್ಬನಿ ಬೇಕೆನಿಸಿ ನೀರು ಚಿಮುಕಿಸಿದರೆ ಎರಡು ತೊಂದರೆ. ಕ್ರೇಪಿನ ಬಣ್ಣ ಇಳಿಯುತ್ತದೆ. ಜೊತೆಗೆ ನೀರಿನ ಹನಿ ಎಷ್ಟು ಸಣ್ಣದಿರಲಿ ಎಂದರೂ ಕೇಳುವುದಿಲ್ಲ. ಮೂರು ಮಿಲಿಮೀಟರಿನ ಹನಿ ಗೊಂಬೆಯ ದಾಸವಾಳದ ಮೇಲೆ ನೆಲ್ಲಿಕಾಯಿಯಷ್ಟು ಕಾಣುತ್ತದೆ. ಸೂಜಿಮೊನೆಯಿಂದ ಗ್ಲಿಸರಿನ್ ಚುಕ್ಕೆ ಇಟ್ಟರೆ ಗಾತ್ರ ಕೈಯಲ್ಲಿರುತ್ತದೆ, ಬೇಗ ಆರುವುದೂ ಇಲ್ಲ. ಎರಡು ಚುಕ್ಕೆ ಸಾಕು.

ತೆಗೆದ ಮೊದಲ ಫೋಟೋವನ್ನು ಪರದೆಯಲ್ಲಿ ದೊಡ್ಡದು ಮಾಡಿ ನೋಡಿ. ಬೆಕ್ಕಿನ ಕೂದಲು, ಗಮ್ಮಿನ ಎಳೆ, ಕುಂಡದ ಮೇಲೆ ನಿಮ್ಮದೇ ಹೆಬ್ಬೆಟ್ಟಿನ ಗುರುತು, ಎಲ್ಲವೂ ಆರು ಪಟ್ಟಾಗಿ ಕಾಣುತ್ತವೆ. ಹಳೆಯ ಮೇಕಪ್ ಬ್ರಷ್ಷಿನಿಂದ ಗುಡಿಸಿ ಮತ್ತೆ ತೆಗೆಯಿರಿ. ಇರುವೆಗಳ ಮೇಲೂ ಕಣ್ಣಿರಲಿ. ನನ್ನ ಒಂದು ಒಳ್ಳೆಯ ಫೋಟೋದಲ್ಲಿ ತುಳಸಿಕಟ್ಟೆಯ ಮೇಲೆ ಕಟ್ಟಿರುವೆಯೊಂದು ಬಂದು ಕುಳಿತಿತ್ತು. ಗೊಂಬೆಯ ಲೆಕ್ಕದಲ್ಲಿ ಅದು ಓತಿಕ್ಯಾತದ ಮರಿ.

ಎಲ್ಲ ಮುಗಿದ ಮೇಲೆ ಕಾಗದದ ಹೂಗಳನ್ನು ಬಣ್ಣದ ಪ್ರಕಾರ ಬೇರೆ ಬೇರೆ ಮಾಡಿ, ಥರ್ಮೋಕೋಲಿನ ತುಂಡಿಗೆ ಚುಚ್ಚಿ, ಶರ್ಟಿನ ಡಬ್ಬಿಯಲ್ಲಿ ಕತ್ತಲಲ್ಲಿಡಿ. ಬೆಳಕಿಗೆ ಬಿಟ್ಟರೆ ಕೆಂಪು ಕ್ರೇಪ್ ಒಂದು ಬೇಸಿಗೆಯಲ್ಲಿ ಕೇಸರಿಯಾಗುತ್ತದೆ. ಕಾಫಿ ಚರಟ ಜರಡಿ ಹಿಡಿದು ಡಬ್ಬಿಗೆ. ತುಳಸಿಸಸಿ ಮರಳಿ ಕುಂಡಕ್ಕೆ, ಮೂರರಲ್ಲಿ ಒಂದಾದರೂ ಬದುಕುತ್ತದೆ. ರಾಗಿಪೈರು ಇನ್ನೂ ಹಸಿರಿದ್ದರೆ ಬೀದಿ ಕೊನೆಯ ಹಸುವಿಗೆ. ಕೊಡುವ ಮೊದಲು ಅದರೊಳಗೆ ತಂತಿಯ ತುಂಡು ಸಿಕ್ಕಿಕೊಂಡಿಲ್ಲವೆಂದು ಬೆರಳಾಡಿಸಿ ನೋಡಿ.